ಸೊನ್ನೆ ಇಲ್ಲದ ಹೆಸರು

ಕೇಕಿನ ಮೇಲೆ ಹೆಸರು ಬರೆಯೋದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸೋರು ಯಾರೂ ಇಲ್ಲ. ಜಂಬ ಅಂದ್ಕೊಂಡರೆ ಅಂದ್ಕೊಳ್ಳಿ, ನನಗೇನೂ ಬೇಜಾರಿಲ್ಲ. ಕೋನಿಗೆ ಕ್ರೀಮು ತುಂಬಿ, ತುದಿ ಕತ್ತರಿಸಿ, ಉಸಿರು ಬಿಗಿ ಹಿಡಿದು ಒಂದೇ ಓಟಕ್ಕೆ ಬರೆದೆ ಅಂದರೆ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ. ಕ್ರೀಮಿಗೆ ರಬ್ಬರ್ ಇಲ್ಲ ಕಣ್ರೀ. ಪೆನ್ಸಿಲಿನವರು ತಪ್ಪು ಮಾಡಿದರೆ ಉಜ್ಜಿ ಅಳಿಸ್ತಾರೆ. ನಾವು ತಪ್ಪು ಮಾಡಿದರೆ ಚಪ್ಪಟೆ ಚಾಕುವಿನಲ್ಲಿ ಕೆರೆದು, ಕೇಕಿನ ಮುಖಕ್ಕೆ ಮತ್ತೆ ಕ್ರೀಮು ಬಳಿದು, ಗಿರಾಕಿ ಎದುರು ತಲೆ ತಗ್ಗಿಸಿ ನಿಲ್ಲಬೇಕು. ನಾನು ಕೆರೆದದ್ದು ಯಾವ ಕಾಲಕ್ಕೋ ಏನೋ, ನೆನಪೇ ಇರಲಿಲ್ಲ. ಈಗ ಇದೆ. ಅದನ್ನೇ ಹೇಳೋಕೆ ಹೊರಟಿದ್ದೀನಿ.

ಮೊದಲು ನಮ್ಮ ಅಂಗಡಿಯ ಕಾನೂನು ಒಂದನ್ನು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಕೌಂಟರಿನ ಪಕ್ಕ ಒಂದು ಸ್ಲೇಟು ದಾರದಲ್ಲಿ ನೇತಾಡ್ತಾ ಇರುತ್ತೆ, ಜೊತೆಗೊಂದು ಬಳಪ. ಕೇಕಿನ ಮೇಲೆ ಹೆಸರು ಬೇಕಾದವರು ಬಾಯಲ್ಲಿ ಹೇಳಿದರೆ ನಾವು ಬರೆಯಲ್ಲ. ತಮ್ಮ ಕೈಯಾರೆ ಸ್ಲೇಟಿನ ಮೇಲೆ ಬರೆದು ಕೊಡಬೇಕು. ನಾವು ಅದನ್ನು ಎದುರಿಗೆ ಇಟ್ಟುಕೊಂಡು ಇದ್ದ ಹಾಗೇ ಕೇಕಿಗೆ ಇಳಿಸಬೇಕು. ತಿದ್ದೋ ಹಾಗಿಲ್ಲ, ಹೀಗ್ಯಾಕೆ ಬರೆದಿರಿ ಅಂತ ಕೇಳೋ ಹಾಗೂ ಇಲ್ಲ. ಇದು ನಮ್ಮಮ್ಮ ಮಾಡಿಟ್ಟ ಕಾನೂನು. ಸಕ್ಕರೆ ನಮ್ಮದು, ಹೆಸರು ಅವರದ್ದು ಅಂತ ಅಮ್ಮ ಯಾವಾಗಲೂ ಹೇಳ್ತಿದ್ದಳು. ಒಬ್ಬ ಗಿರಾಕಿಯ ಮಗನ ಹೆಸರನ್ನು ತಿದ್ದಿ ಬರೆದಳು ಅಂತ ಒಳ್ಳೇ ಕೆಲಸದವಳೊಬ್ಬಳನ್ನು ನಾನು ಅವತ್ತೇ ಮನೆಗೆ ಕಳಿಸಿದ್ದೀನಿ.

ಹಾಗಂತ ಹೊಟ್ಟೆಯೊಳಗೆ ಉರಿ ಇರಲಿಲ್ಲ ಅಂತಲ್ಲ. ಈಗಿನವರು ಮಕ್ಕಳಿಗೆ ಇಡೋ ಹೆಸರನ್ನು ಬರೆಯೋ ಚಂದ ನೀವು ನೋಡಬೇಕು. ಬೇಡದ ಕಡೆ ದೀರ್ಘ, ಬೇಕಾದ ಕಡೆ ಬೋಳು. ಹೊಟ್ಟೆ ಸೀಳಬೇಕಾದ ಅಕ್ಷರಕ್ಕೆ ಸೀಳಿಲ್ಲ, ಸುಮ್ಮನಿದ್ದ ಅಕ್ಷರದ ಹೊಟ್ಟೆ ಸೀಳಿ ಇಟ್ಟಿರ್ತಾರೆ. ಮುಖದ ಮೇಲೆ ನಗು ಅಂಟಿಸಿಕೊಂಡು ಬರೆದು ಕೊಟ್ಟು, ಅವರು ಬಾಗಿಲು ದಾಟಿದ ಮೇಲೆ ಒಲೆಯಣ್ಣನ ಹತ್ತಿರ ಹೋಗಿ ಮೂಗು ಮುರೀತಿದ್ದೆ. ಒಲೆಯಣ್ಣ ಅಂದರೆ ನಮ್ಮ ಒಲೆ ನೋಡಿಕೊಳ್ಳೋನು. ಅಮ್ಮನ ಕಾಲದಿಂದ ಇದ್ದಾನೆ, ಮೀಸೆ ಬೆಳ್ಳಗಾಗಿರೋದು ವಯಸ್ಸಿಗೋ ಹಿಟ್ಟಿಗೋ ಯಾರಿಗೂ ಗೊತ್ತಿಲ್ಲ. ನಾನು ಎಷ್ಟು ಒದರಿದರೂ ಅವನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.

ನಮ್ಮ ಅಂಗಡಿಗೆ ಅಮ್ಮನ ಹೆಸರು. ಬೋರ್ಡಿನ ಮೇಲೆ ಅವಳ ಹೆಸರೊಂದೇ ಇದೆ. ಇಂಥವರ ಹೆಂಡತಿ ಅಂತಿಲ್ಲ, ಇಂಥವರ ಮಕ್ಕಳು ಅಂತಿಲ್ಲ. ಆಗ ಈ ಬೀದಿಯಲ್ಲಿ ಹೆಂಗಸಿನ ಹೆಸರಿದ್ದ ಬೋರ್ಡು ಅದೊಂದೇ. ಬೋರ್ಡು ಬರೆಯೋನು ಇನ್ನೊಂದು ಸಲ ಯೋಚನೆ ಮಾಡಿ ಅಂದನಂತೆ. ಯೋಚನೆ ಮಾಡಿಯೇ ಕರೆದದ್ದು, ಬಣ್ಣ ಕಲಸು ಅಂದಳಂತೆ ಅಮ್ಮ. ಅವನಿಗೂ ಹುರುಪು ಬಂತೋ ಏನೋ, ಅವಳ ಹೆಸರಿನ ಎರಡನೇ ಜಾಗದಲ್ಲಿ ಬರೋ ಸೊನ್ನೆಯನ್ನು ಬರೀ ಸೊನ್ನೆಯಾಗಿ ಬಿಡದೆ ಒಂದು ಬನ್ನು ಮಾಡಿಬಿಟ್ಟ. ದುಂಡಗೆ, ಕಂದು ಬಣ್ಣ, ನೆತ್ತಿಯ ಮೇಲೆ ಹೊಳಪು. ಓದು ಬರದೋರೂ ಬನ್ನಿನ ಬೋರ್ಡಿನ ಅಂಗಡಿ ಅಂತಲೇ ನಮ್ಮಲ್ಲಿಗೆ ಬರೋದು. ಪ್ರತಿ ಕೇಕು ಕೂರೋ ರಟ್ಟಿನ ಮೂಲೆಯಲ್ಲೂ ಅಮ್ಮನ ಹೆಸರನ್ನು ಸಣ್ಣಕ್ಕೆ ಕ್ರೀಮಿನಲ್ಲಿ ಬರೀತೀನಿ, ಸೊನ್ನೆಯನ್ನು ಸ್ವಲ್ಪ ಉಬ್ಬಿಸಿ. ಹುಡುಗಿಯಾಗಿದ್ದಾಗಿಂದ ಬರೆದೂ ಬರೆದೂ ನನ್ನ ಕೈ ಆ ಹೆಸರನ್ನು ನನ್ನನ್ನು ಕೇಳದೆಯೇ ಬರೆಯುತ್ತೆ.

ನನಗೆ ಒಬ್ಬಳೇ ಮಗಳು. ಕೌಂಟರಿನ ಹಿಂದಿನ ಕುಳ್ಳ ಸ್ಟೂಲಿನ ಮೇಲೆ ಬೆಳೆದವಳು. ಅಂಗಡಿ ಅವಳದೇ ಅಂತ ನಾನು ನಿಶ್ಚಿಂತೆಯಾಗಿದ್ದೆ. ಅವಳು ನೋಡಿದರೆ ಒಂದು ದಿನ ಬಸ್ ಓಡಿಸೋ ಲೈಸೆನ್ಸ್ ತಂದು ಹಿಟ್ಟಿನ ಮೇಜಿನ ಮೇಲಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು. ಆಮೇಲೆ ಒಂದು ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ಅಷ್ಟುದ್ದದ ಬಸ್ಸನ್ನು, ಎರಡೂ ಕಡೆ ಬಂಡಿ ನಿಂತಿದ್ದರೂ, ಬೆಣ್ಣೆಯಲ್ಲಿ ಚಾಕು ಇಳಿಸಿದ ಹಾಗೆ ತಿರುಗಿಸಿಕೊಂಡು ಹೋದಳು. ನೋಡ್ತಿದ್ದ ಗಿರಾಕಿಯೊಬ್ಬರು ಯಾರಮ್ಮ ಆ ಹುಡುಗಿ ಅಂದರು. ನನ್ನ ಮಗಳು ಅಂದೆ. ಅಂದ ಮೇಲೆ ಸಿಟ್ಟು ಎಲ್ಲಿ ಉಳಿಯಬೇಕು, ನೀವೇ ಹೇಳಿ.

ಆದರೂ ಅಂಗಡಿಯ ಚಿಂತೆ ಒಳಗೇ ಕೊರೀತಿತ್ತು. ನನ್ನ ನಂತರ ಆ ಬೋರ್ಡನ್ನು ಯಾರು ಒರೆಸ್ತಾರೆ ಅನ್ನೋ ಒಂದೇ ಚಿಂತೆ. ಹೀಗಿರೋವಾಗ ಮಗಳು ಬಸುರಿಯಾದಳು. ಹೆಣ್ಣಾದರೆ ಅಜ್ಜಿ ಹೆಸರಿಡ್ತೀನಮ್ಮ, ನಿಮ್ಮಮ್ಮನ ಹೆಸರು ಅಂತ ತಾನಾಗೇ ಬಾಯಿಬಿಟ್ಟು ಹೇಳಿದಳು. ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಬಟ್ಟಲು ಬಿಟ್ಟು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅತ್ತದ್ದಕ್ಕೆ ನನಗೆ ನಾಚಿಕೆಯೇನಿಲ್ಲ.

ಹೆಣ್ಣೇ ಆಯಿತು. ಆಸ್ಪತ್ರೆಯಲ್ಲಿ ನರ್ಸು ಮಗುವನ್ನು ತಂದು ನನ್ನ ಕೈಗಿಟ್ಟಳು. ಎಳೇ ಬನ್ನಿನಂಥ ಕೆನ್ನೆ, ಬಿಗಿದ ಮುಷ್ಟಿ. ಅಂಗಡಿಗೆ ಓನರ್ ಬಂದಳು ಅಂದೆ ನರ್ಸಿಗೆ. ಪಕ್ಕದ ಹಾಸಿಗೆಯವರಿಗೆ ಅಂದೆ. ಕಾರಿಡಾರಿನಲ್ಲಿ ನೆಲ ಒರೆಸ್ತಿದ್ದವಳನ್ನು ನಿಲ್ಲಿಸಿ ಅಂದೆ. ಅಂಗಡಿಗೆ ಬಂದ ಮೇಲಂತೂ ಕೇಳಬೇಡಿ, ಒಂದು ಬ್ರೆಡ್ಡು ಕೊಂಡವರಿಗೂ ಸುದ್ದಿ ಬಿಟ್ಟಿ. ಬೋರ್ಡು ಬದಲಾಯಿಸೋ ಗೋಜೇ ಇಲ್ಲ ನೋಡಿ, ಅದೇ ಹೆಸರು, ಅದೇ ಸೊನ್ನೆ ಅಂತ ಎಲ್ಲರ ತಲೆ ತಿಂದೆ. ಸ್ಟೂಲಿಗೆ ಹೊಸ ಬಣ್ಣ ಹೊಡೆಸಿದೆ. ಅಷ್ಟಕ್ಕೂ ನಿಲ್ಲದೆ, ದರ್ಜಿ ಹತ್ತಿರ ಕುಳಿತು ಅಂಗೈಯಷ್ಟಗಲದ ಒಂದು ಏಪ್ರನ್ ಹೊಲಿಸಿದೆ. ಎದೆಯ ಮೇಲೆ ಅಮ್ಮನ ಹೆಸರಿನ ಕಸೂತಿ, ಸೊನ್ನೆಯ ಜಾಗದಲ್ಲಿ ಕಂದು ದಾರದ ಬನ್ನು.

ಅದನ್ನು ಎತ್ತಿಕೊಂಡು ಮಗಳ ಮನೆಗೆ ಹೋದೆ. ಅಳಿಯ ಮಗುವಿನ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವ್ತಾ ಇದ್ದ. ನಲ್ಲಿ ರಿಪೇರಿ ಅವನ ಕಸುಬು, ಎರಡು ಮಾತಿನ ಜಾಗದಲ್ಲಿ ಅರ್ಧ ಮಾತಾಡೋ ಪ್ರಾಣಿ. ಸೋಫಾದ ಮೇಲೆ ಅವನ ತಾಯಿ, ನಮ್ಮ ಬೀಗಿತಿ, ಕುಳಿತಿದ್ದರು. ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಿಯಾದವರು. ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಸೂಚನೆಯನ್ನೂ ಬ್ಯಾಗಿಂದ ಕೆಂಪು ಪೆನ್ನು ತೆಗೆದು ತಿದ್ದಿದ ಮಹಾತಾಯಿ. ಏಪ್ರನ್ ನೋಡಿ ಅವರು ಭೇಷ್ ಅಂದರು. ಮಗಳು ಅದನ್ನು ಬಿಡಿಸಿ ನೋಡಿದಳು, ಕಸೂತಿಯ ಮೇಲೆ ಬೆರಳಾಡಿಸಿದಳು, ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ನಿಧಾನವಾಗಿ, ಹೆಸರು ಇದೇ, ಆದರೆ ಬರೆಯೋದು ಬೇರೆ ಥರ ಅಂದಳು.

ಬೇರೆ ಥರ ಅಂದರೆ ಹೇಗೆ ಅಂತ ಕೇಳಿದೆ. ಸೊನ್ನೆ ತೆಗೆದುಬಿಡ್ತಾಳಂತೆ. ಆ ಜಾಗದಲ್ಲಿ ‘ನ’ ಬರೆದು, ಮುಂದಿನ ಅಕ್ಷರವನ್ನು ಅದರ ಕಾಲ ಕೆಳಗೆ ಒತ್ತಾಗಿ ಕೂರಿಸ್ತಾಳಂತೆ. ಕರೆದರೆ ಒಂದೇ, ಕಿವಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬರೆದಾಗ ಮಾತ್ರ ಬೇರೆ. ನನಗೆ ಮೊದಲು ನಗು ಬಂತು. ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡೆ. ಅವಳ ಮುಖ ನೋಡಿದ ಮೇಲೆ ಅಲ್ಲ ಅಂತ ಗೊತ್ತಾಯಿತು.

ಆಮೇಲೆ ನಾನು ಆಡಿದ ಮಾತನ್ನೆಲ್ಲ ಇಲ್ಲಿ ಹೇಳಿ ಪ್ರಯೋಜನ ಇಲ್ಲ. ಕೌಂಟರಿನಲ್ಲಿ ನಿಂತು ಎಷ್ಟೋ ವರ್ಷ ನುಂಗಿಕೊಂಡಿದ್ದೆಲ್ಲ ಅವತ್ತು ಹೊರಗೆ ಬಂತು. ಫ್ಯಾಶನ್ನಿನ ಹುಚ್ಚು, ಊರಿನವರ ಮಕ್ಕಳದ್ದು ಸಾಲದು ಅಂತ ನಮ್ಮ ಮನೆಗೂ ಬಂತಾ ಅಂದೆ. ನಮ್ಮಮ್ಮ ಆ ಹೆಸರನ್ನು ಬೀದಿಗೆ ಕಾಣೋ ಹಾಗೆ ಬರೆಸಬೇಕಾದರೆ ಎಷ್ಟು ಜನರ ಬಾಯಿಗೆ ಬಿದ್ದಿದ್ದಳು, ನೀನು ಅದರ ಹೊಟ್ಟೆಯನ್ನೇ ಕಿತ್ತು ಬಿಸಾಡ್ತೀಯಲ್ಲ ಅಂದೆ. ಬೀಗಿತಿ ನನ್ನ ಪರ ನಿಂತರು. ಆ ಜಾಗಕ್ಕೆ ಸೊನ್ನೆಯೇ ಚಂದ, ಎಲ್ಲರೂ ಬರೆಯೋದು ಹಾಗೇ, ನಾಳೆ ಸ್ಕೂಲಿನಲ್ಲಿ ಮಗುವಿಗೆ ದಿನಾ ಇದೇ ಗೋಳಾಗುತ್ತೆ ಅಂತ ಪಾಠ ಶುರು ಮಾಡಿದರು. ಮಕ್ಕಳ ಮದುವೆಯಾದಾಗಿಂದ ನಾವಿಬ್ಬರೂ ಒಂದು ವಿಷಯಕ್ಕೆ ಒಪ್ಪಿಕೊಂಡದ್ದು ಅದೇ ಮೊದಲು. ಅಳಿಯನನ್ನು ನೀನೇನಪ್ಪ ಹೇಳ್ತೀಯ ಅಂತ ಕೇಳಿದರೆ, ಅವಳು ಹೇಳಿದ ಹಾಗೆ ಅತ್ತೆ ಅಂದವನೇ ಖಾಲಿ ಬಕೆಟ್ಟು ಹಿಡಿದು ಕಾಲಿಗೆ ಬುದ್ಧಿ ಹೇಳಿದ.

ಮಗಳು ಮಾತ್ರ ಜಗಳಕ್ಕೆ ಬರಲೇ ಇಲ್ಲ. ಕಾರಣ ಕೇಳಿದರೆ, ನನಗೆ ಹಾಗೆ ಬೇಕು ಅಮ್ಮ ಅನ್ನೋದೊಂದೇ. ಅವಳು ಜಗಳಾಡಿದ್ದರೆ ನಾನು ಗೆಲ್ತಿದ್ದೆ, ಅದು ಅವಳಿಗೂ ಗೊತ್ತು. ಬರೋ ಭಾನುವಾರ ಎರಡೂ ಮನೆಯವರು, ಹತ್ತಿರದ ನಾಲ್ಕು ಜನ ಸೇರಿ ಊಟ ಮಾಡೋದು, ಮಗುವಿನ ಹೆಸರನ್ನು ಎಲ್ಲರಿಗೂ ಹೇಳೋದು ಅಂತ ಮೊದಲೇ ನಿಶ್ಚಯವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ತಾ ನಾನು ಹೇಳಿದೆ, ಭಾನುವಾರದ ಕೇಕು ನನ್ನದು, ಕೋನು ನನ್ನ ಕೈಯಲ್ಲಿರುತ್ತೆ, ನೋಡ್ತೀನಿ ಯಾರು ಏನು ಬರೀತಾರೆ ಅಂತ. ಏಪ್ರನ್ನನ್ನು ಅಲ್ಲೇ ಬಿಟ್ಟು ಬಂದೆ.

ಆ ವಾರವೆಲ್ಲ ಮುಖ ಊದಿಸಿಕೊಂಡೇ ಕೆಲಸ ಮಾಡಿದೆ. ಮಗಳು ಫೋನು ಮಾಡಿದರೆ ಮಗು ಹಾಲು ಕುಡಿಯಿತಾ, ನಿದ್ದೆ ಮಾಡಿತಾ, ಅಷ್ಟೇ. ಹೆಸರಿನ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಲೆಯಣ್ಣನ ಮುಂದೆ ಎಲ್ಲ ಕಾರಿಕೊಂಡೆ. ನೀನೇ ಹೇಳು, ಅಮ್ಮನ ಹೆಸರು ಅಂದ ಮೇಲೆ ಅಮ್ಮ ಬರೆದ ಹಾಗೆ ಇರಬೇಕೋ ಬೇಡವೋ ಅಂದೆ. ಅವನು ಒಲೆಯೊಳಗೆ ಇಣುಕಿ ನೋಡ್ತಾ, ಬನ್ನು ಕೆಂಪಗಾಯಿತು ತಂಗಿ, ತಟ್ಟೆ ಹಿಡಿ ಅಂದ.

ಶನಿವಾರ ಬೆಳಿಗ್ಗೆ ಅಂದರೆ ನಮ್ಮಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬಾಗಿಲ ಆಚೆಗೂ ಸಾಲು. ಒಬ್ಬರಿಗೆ ಹುಟ್ಟುಹಬ್ಬ, ಒಬ್ಬರಿಗೆ ಹೊಸ ಮನೆ, ಒಬ್ಬರಿಗೆ ಬರೀ ಕಾಲು ಕೆಜಿ ಬಿಸ್ಕತ್ತು. ನಾನು ತಲೆ ತಗ್ಗಿಸಿಕೊಂಡು ಕಟ್ಟಿ ಕೊಡ್ತಾ ಇದ್ದೆ. ಮುಂದಿನವರು ಬನ್ನಿ ಅಂತ ತಲೆ ಎತ್ತಿದರೆ ಎದುರಿಗೆ ಮಗಳು. ಎದೆಗೆ ಬಟ್ಟೆಯಲ್ಲಿ ಮಗುವನ್ನು ಕಟ್ಟಿಕೊಂಡಿದ್ದಾಳೆ, ಮಗು ಬಾಯಿ ತೆರೆದು ಮಲಗಿದೆ. ಸಾಲಿನಲ್ಲಿ ಎಲ್ಲರ ಹಾಗೆ ನಿಂತು ಬಂದಿದ್ದಾಳೆ. ಹಿಂದಿನ ಬಾಗಿಲಿಂದ ಬರೋದು ಬಿಟ್ಟು ಇದೇನೇ ಅಂದೆ.

“ಗಿರಾಕಿಯಾಗಿ ಬಂದಿದ್ದೀನಮ್ಮ,” ಅಂದಳು. “ನಾಳೆಗೊಂದು ಕೇಕು. ಮೇಲೆ ಹೆಸರು ಬೇಕು.”

ನಾನು ಬಾಯಿ ತೆರೆಯೋ ಮೊದಲೇ ಕೈ ಚಾಚಿ ಸ್ಲೇಟು ಎಳೆದುಕೊಂಡಳು. ಒಂದು ಕೈಯಲ್ಲಿ ಮಗುವಿನ ತಲೆ ಹಿಡಿದು ಇನ್ನೊಂದು ಕೈಯಲ್ಲಿ ದಪ್ಪಕ್ಕೆ, ಒಂದೊಂದೇ ಅಕ್ಷರ ಬರೆದು, ಸ್ಲೇಟನ್ನು ತಿರುಗಿಸಿ ನನ್ನ ಮುಂದಿಟ್ಟಳು. ಸೊನ್ನೆ ಇಲ್ಲ. ‘ನ’ ಇದೆ, ಅದರ ಕೆಳಗೆ ಒತ್ತು ಇದೆ. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿಕೊಂಡರು. ನಮ್ಮ ಗಿರಾಕಿಗಳು ಅರ್ಧ ಜನ ಅವಳನ್ನು ಎತ್ತಿ ಆಡಿಸಿದವರು, ಇನ್ನರ್ಧ ಜನಕ್ಕೆ ಅಂಗಡಿಗೆ ಓನರ್ ಬಂದ ಸುದ್ದಿ ನಾನೇ ಕೊಟ್ಟಿದ್ದೆ. ಬಿಸ್ಕತ್ತಿನವರು ಬಿಸ್ಕತ್ತು ಮರೆತರು.

ನಾನು ಬರೆಯಲ್ಲ ಅಂದೆ. ಬೇರೆ ಅಂಗಡಿ ನೋಡ್ಕೋ ಅಂದೆ. ಅವಳು ಕದಲಲಿಲ್ಲ. ಬಸ್ ಓಡಿಸೋಳು, ಜನರ ಮಧ್ಯೆ ದನಿ ಏರಿಸದೆ ಮಾತಾಡೋದು ಅವಳಿಗೆ ಅಭ್ಯಾಸ. ಇನ್ನೊಬ್ಬರ ಹೆಸರು ತಿದ್ದಿದ್ದಕ್ಕೆ ಒಬ್ಬಳನ್ನು ಕೆಲಸದಿಂದ ತೆಗೆದಿದ್ದೀಯಲ್ಲ ಅಂತ ಕೇಳಿದಳು. ಅದು ಬೇರೆಯವರ ಹೆಸರು, ಇದು ನಮ್ಮಮ್ಮನ ಹೆಸರು ಅಂದೆ.

“ಅಮ್ಮ, ಕರೆಯೋವಾಗ ನಿಮ್ಮಮ್ಮ ಬರಲಿ,” ಅಂದಳು ಮಗಳು. “ದಿನಾ ಬರಲಿ, ಮನೆ ತುಂಬ ಬರಲಿ. ಅದಕ್ಕೇ ಆ ಹೆಸರು ಇಟ್ಟಿದ್ದು. ಆದರೆ ಬರೆಯೋವಾಗ ನನ್ನ ಮಗಳು ಬರಲಿ. ಇವಳು ಹುಟ್ಟಿ ಕಣ್ಣು ಬಿಡೋ ಮೊದಲೇ ಬೋರ್ಡಿಗೆ ಏರಿಸಿಬಿಟ್ಟೆ ನೀನು. ಏಪ್ರನ್ನೂ ಹೊಲಿಸಿದೆ. ಇವಳಿಗೆ ಅಂಗಡಿ ಬೇಕಾದರೆ ಬಂದು ಕೇಳ್ತಾಳೆ. ಬೇಡ ಅನ್ನಿಸಿದರೆ, ಬೇಡ ಅನ್ನೋಕೆ ನಾನು ಪಟ್ಟ ಸಂಕಟ ಇವಳು ಪಡಬಾರದು.”

ನನಗೆ ಆ ಲೈಸೆನ್ಸು ನೆನಪಾಯಿತು. ಅದನ್ನು ಹಿಟ್ಟಿನ ಮೇಜಿನ ಮೇಲೆ ಇಟ್ಟಾಗ ಅವಳ ಕೈ ಹೇಗಿತ್ತು ಅಂತ ನಾನು ನೋಡಿರಲಿಲ್ಲ, ಲೈಸೆನ್ಸನ್ನೇ ನೋಡಿದ್ದೆ. ಈಗ ನೋಡಿದೆ. ಬಳಪ ಕೆಳಗಿಡೋದನ್ನೂ ಮರೆತು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಳು. ಇಷ್ಟು ಜನರ ಮುಂದೆ ನನ್ನನ್ನು ಎದುರಿಸಿ ನಿಲ್ಲೋಕೆ ಅವಳಿಗೂ ಗುಂಡಿಗೆ ಬೇಕಾಗಿತ್ತು. ಸಿಟ್ಟಿನ ಮಧ್ಯದಲ್ಲೇ ಒಂದು ಮಾತು ಒಳಗಿಂದ ಎದ್ದು ಬಂತು: ಬೋರ್ಡು ಬರೆಯೋನಿಗೆ ಬಣ್ಣ ಕಲಸು ಅಂದವಳ ಮೊಮ್ಮಗಳಲ್ಲವೇ ಇವಳು. ಬೋರ್ಡಿನ ಹೆಸರನ್ನು ಕಾಯ್ತಾ ಕೂತಿದ್ದ ನನಗೆ, ಆ ಬೋರ್ಡು ಹಾಕಿಸಿದ ಧೈರ್ಯ ನನ್ನ ಕಣ್ಣ ಮುಂದೆಯೇ ಬಸ್ಸು ಓಡಿಸಿಕೊಂಡು ಓಡಾಡ್ತಿತ್ತು ಅಂತ ಹೊಳೆದೇ ಇರಲಿಲ್ಲ.

ಒಲೆಯಣ್ಣ ಒಳಗಿಂದ ಬಂದ. ಬಿಳೀ ಕ್ರೀಮು ಬಳಿದು ಸಿದ್ಧವಾಗಿದ್ದ ದುಂಡು ಕೇಕೊಂದನ್ನು ತಂದು ಕೌಂಟರಿನ ಮೇಲಿಟ್ಟ. ಸ್ಲೇಟನ್ನು ಎತ್ತಿ ನಾನು ದಿನಾ ಒರಗಿಸೋ ಜಾಗದಲ್ಲಿ, ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಆಮೇಲೆ ಒಲೆ ಕಡೆಗೆ ವಾಪಸ್ಸು ಹೋದ. ಅಮ್ಮ ಇದ್ದಾಗ ಸ್ಲೇಟು ಒರಗಿಸೋ ಕೆಲಸವೂ ಅವನದೇ ಆಗಿತ್ತು.

ನಾನು ಕೈ ತೊಳೆದು ಬಂದೆ. ಕೋನಿಗೆ ಕ್ರೀಮು ತುಂಬಿದೆ, ತುದಿ ಕತ್ತರಿಸಿದೆ, ಉಸಿರು ಬಿಗಿ ಹಿಡಿದೆ. ಮೊದಲ ಅಕ್ಷರ ಇಳಿಯಿತು. ಕೈ ಮುಂದೆ ಹೋಯಿತು. ಹೋಗಿ, ನಾನು ಕಣ್ಣು ಮಿಟುಕಿಸೋದರೊಳಗೆ, ದುಂಡಗೆ ಸುತ್ತಿ, ಸ್ವಲ್ಪ ಉಬ್ಬಿಸಿ, ತುದಿ ಮುಚ್ಚಿಬಿಟ್ಟಿತು. ನೋಡಿದರೆ ಸೊನ್ನೆ. ಬೇಕಂತ ಮಾಡಿದ್ದಲ್ಲ ಕಣ್ರೀ, ಆಣೆಗೂ ಅಲ್ಲ. ಸ್ಲೇಟು ಎದುರಿಗೇ ಇತ್ತು, ಕಣ್ಣು ಅದರ ಮೇಲೇ ಇತ್ತು. ಕೈ ನನ್ನ ಮಾತು ಕೇಳಲಿಲ್ಲ, ಅಷ್ಟೇ.

ಸಾಲಿನಲ್ಲಿದ್ದ ಹಳೇ ಗಿರಾಕಿಯೊಬ್ಬರು ಮೆಲ್ಲಗೆ ಲೊಚಗುಟ್ಟಿದರು. ಹಾಗೇ ಇರಲಿ ಬಿಡಿ, ನೋಡೋಕೆ ಚಂದ ಇದೆ ಅಂತಲೂ ಸೇರಿಸಿದರು. ನಾನು ಮಗಳ ಮುಖ ನೋಡಿದೆ. ಅವಳು ಆ ಸೊನ್ನೆಯನ್ನೇ ನೋಡ್ತಿದ್ದಳು. ನಾನು ಇದನ್ನು ಹೀಗೇ ಬಿಟ್ಟಿದ್ದರೆ ಅವಳು ಇನ್ನೇನೂ ಹೇಳ್ತಿರಲಿಲ್ಲ, ಕೇಕು ತಗೊಂಡು ಹೋಗ್ತಿದ್ದಳು. ಮತ್ತೆ ಯಾವತ್ತೂ ಯಾವುದಕ್ಕೂ ನನ್ನ ಮುಂದೆ ಸಾಲಿನಲ್ಲಿ ನಿಲ್ತಿರಲಿಲ್ಲ. ಅದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಚಾಕು ಎತ್ತಿಕೊಂಡು, ಅಷ್ಟು ಜನರ ಎದುರಿಗೆ, ಸೊನ್ನೆಯನ್ನು ಬುಡಸಮೇತ ಕೆರೆದೆ. ಕೆರೆದ ಕ್ರೀಮನ್ನು ಬಿಸಾಡೋಕೆ ಮನಸ್ಸು ಬರಲಿಲ್ಲ. ಎಷ್ಟಾದರೂ ಅದು ನಮ್ಮಮ್ಮನ ಹೆಸರಿನದ್ದು. ಬಾಯಿಗೆ ಹಾಕಿಕೊಂಡೆ.

ಅದನ್ನು ನೋಡಿ ಮಗಳು ಫಕ್ಕನೆ ನಕ್ಕಳು, ಕಣ್ಣಲ್ಲಿ ನೀರಿತ್ತು. ಅವಳು ನಕ್ಕ ಮೇಲೆ ಅಂಗಡಿಯೇ ನಕ್ಕಿತು. ನಾನು ಕೆರೆದ ಜಾಗಕ್ಕೆ ಹೊಸ ಕ್ರೀಮು ಬಳಿದು, ನೀವಿ ಸಮ ಮಾಡಿ, ಈ ಸಲ ಒಂದೇ ಓಟಕ್ಕೆ ಹೋಗಲಿಲ್ಲ. ‘ನ’ ಬರೆದೆ, ನಿಲ್ಲಿಸಿದೆ. ಸ್ಲೇಟು ನೋಡಿದೆ. ಬಗ್ಗಿ ಅದರ ಕೆಳಗೆ ಒತ್ತು ಕೂರಿಸಿದೆ, ನಿಲ್ಲಿಸಿದೆ. ಮತ್ತೆ ಸ್ಲೇಟು ನೋಡಿದೆ. ಅಮ್ಮ ನನ್ನ ಕೈ ಹಿಡಿದು ಬರೆಸಿದ ಕಾಲದಲ್ಲಿ ಹೀಗೆ ನಿಂತು ನಿಂತು ಬರೆದಿದ್ದೆನೋ ಏನೋ. ಮುಗಿಸಿ ನೆಟ್ಟಗೆ ನಿಂತಾಗ ಸೊಂಟ ಚುಳ್ ಅಂದಿತು.

ಆಮೇಲೆ ಕೇಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಈ ಬೀದಿಯಲ್ಲಿ, ಈ ಊರಲ್ಲಿ, ಎಲ್ಲೂ ಯಾರೂ ಬರೆಯದ ಹೆಸರು. ಬೋರ್ಡಿನ ಮೇಲಿಲ್ಲ, ರಟ್ಟಿನ ಮೇಲಿಲ್ಲ, ನನ್ನ ಕೈಗೂ ಗೊತ್ತಿರಲಿಲ್ಲ. ಒತ್ತು ‘ನ’ದ ಕೆಳಗೆ ಕಾಲು ಮಡಚಿಕೊಂಡು ಹಾಯಾಗಿ ಕುಳಿತಿತ್ತು. ಏನು ಹೇಳಲಿ, ನನಗೆ ಬಹಳ ಹೆಮ್ಮೆಯಾಯಿತು. ಬರೆದದ್ದಕ್ಕೂ ಆಯಿತು, ಬರೆಸಿದವಳ ಮೇಲೂ ಆಯಿತು. ಸಾಲಿನ ಕೊನೆಯಲ್ಲಿದ್ದ ಒಬ್ಬರು ಇಣುಕಿ, ಯಾರದ್ದಮ್ಮ ಈ ಹೆಸರು, ಹೊಸದಾಗಿದೆಯಲ್ಲ ಅಂತ ಕೇಳಿದರು. ನನ್ನ ಮೊಮ್ಮಗಳದ್ದು ಅಂದೆ. ಅಂಗಡಿಗೆ ಓನರ್ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ಕ್ರೀಮಿನ ಜೊತೆ ಅದೂ ಒಳಗೆ ಹೋಯಿತು.

ಭಾನುವಾರ ಮಗಳ ಮನೆಯ ಮೇಜಿನ ಮೇಲೆ ಕೇಕು ಇಟ್ಟಿದ್ದೆವು. ಅಳಿಯ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕ್ತಾ ಇದ್ದ. ಮಗಳು ಒಳಗೆ ಮಗುವಿಗೆ ಬಟ್ಟೆ ಬದಲಾಯಿಸ್ತಿದ್ದಳು. ಏಪ್ರನ್ನು ಮಗುವಿನ ಬಟ್ಟೆಯ ಕಪಾಟಿನಲ್ಲಿ, ಮಡಿಕೆ ಮಾಡಿದ ಹಾಗೇ ಕೂತಿದ್ದದ್ದು ನನಗೆ ಬಾಗಿಲಿಂದ ಕಂಡಿತು. ಇರಲಿ, ಮಗುವಿಗೆ ಬೇಕಾದರೆ ತಾನೇ ತೆಗೆದುಕೊಳ್ಳಲಿ, ಇಲ್ಲದಿದ್ದರೆ ಗೊಂಬೆಗೆ ಹಾಕಲಿ ಅಂದ್ಕೊಂಡೆ.

ಅಷ್ಟರಲ್ಲಿ ಬೀಗಿತಿ ಕನ್ನಡಕ ಏರಿಸಿಕೊಂಡು ಕೇಕಿನ ಹತ್ತಿರ ಬಂದರು. ಓದಿದರು. ಇನ್ನೊಂದು ಸಲ ಓದಿದರು. ಅಯ್ಯೋ, ಅವಳು ಹೇಳಿದ ತಪ್ಪನ್ನೇ ಬರೆದುಬಿಟ್ಟಿರಲ್ಲ ಬೀಗಿತಿಯವರೇ, ನಿಮ್ಮಂಥವರ ಕೈಯಲ್ಲೂ ಹೀಗಾಗುತ್ತಾ ಅಂತ ಮರುಗಿದರು. ಜನ ಬರೋ ಮೊದಲು ಸರಿ ಮಾಡಿಬಿಡೋಣ, ಇದೊಂದನ್ನು ಒರೆಸಿ ಒಂದು ಸೊನ್ನೆ ಇಟ್ಟರಾಯಿತು ಅಂದವರೇ, ಸೆರಗಿನ ತುದಿಯಲ್ಲಿ ಬೆರಳು ಒರೆಸಿಕೊಂಡು, ಆ ಬೆರಳನ್ನು ನೆಟ್ಟಗೆ ಒತ್ತಿನ ಮೇಲೆ ತಂದರು. ಕೆಂಪು ಪೆನ್ನು ಸಿಗದಿದ್ದರೆ ಬೆರಳಾದರೂ ಸರಿ ಅವರಿಗೆ.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಮೆತ್ತಗೇ ಹಿಡಿದೆ, ಆದರೆ ಬಿಡಲಿಲ್ಲ. ಹಿಟ್ಟು ನಾದಿ ನಾದಿ ಬೆಳೆದ ಕೈ ಇದು, ಬಿಡಿಸಿಕೊಳ್ಳೋದು ಸುಲಭ ಅಲ್ಲ. ಅವರು ಕಕ್ಕಾಬಿಕ್ಕಿಯಾಗಿ, ಹೋದ ವಾರ ಇದೇ ಮನೆಯಲ್ಲಿ ನೀವೇ ಹೇಳಿದ್ದಲ್ಲವಾ, ಬೋರ್ಡಿನ ಮೇಲೆ ಇರೋ ಹಾಗೇ ಬರೆಯಬೇಕು ಅಂತ ಅಂದರು. ಕೋಣೆಯ ಬಾಗಿಲಲ್ಲಿ ಮಗಳು ಮಗುವನ್ನೆತ್ತಿಕೊಂಡು ಬಂದು ನಿಂತದ್ದು ನನ್ನ ಕಣ್ಣಂಚಿಗೆ ಬಿತ್ತು. ಮಗು ಎಚ್ಚರವಾಗಿತ್ತು.

“ಬೋರ್ಡು ನಮ್ಮಮ್ಮಂದು ಬೀಗಿತಿಯವರೇ,” ಅಂದೆ. “ಈ ಹೆಸರು ಇವಳದ್ದು. ಬರೆದೋಳು ನಾನು.”